ಮದುವೆಗೆ ಯಾವ ಮುತ್ತು?
ಕಲಬುರಗಿಯ ಸೇಡಂ ರಸ್ತೆಯ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಮುತ್ತಿನ ಸರಕ್ಕೆ ಹೈದರಾಬಾದಿನ ರೈಲು ಹತ್ತುವವರು ಇಂದಿಗೂ ಇದ್ದಾರೆ. 1956ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಗಡಿ ಬದಲಾದರೂ ಚಾರ್‌ಮಿನಾರ್ ಬಳಿಯ ಮುತ್ತಿನಂಗಡಿಗಳ ನಂಟು ಕಡಿದಿಲ್ಲ. ಅಲ್ಲಿ ಇಂದು ಹೆಚ್ಚಾಗಿ ಸಿಗುವುದು ಚೀನಾದ ಕೊಳಗಳಲ್ಲಿ ಬೆಳೆಸಿದ ಸಿಹಿನೀರಿನ ಮುತ್ತು. ಅಗ್ಗವೆಂದು ಮೂಗು ಮುರಿಯಬೇಡಿ. ಜಪಾನಿನ ಅಕೋಯಾ ಮುತ್ತಿನ ಒಳಗೆ ಚಿಪ್ಪಿನಿಂದ ಕಡೆದ ಗುಂಡು ಇರುತ್ತದೆ, ಹೊಳಪಿನ ಪದರ ಅದರ ಮೇಲೆ ತೆಳ್ಳಗೆ ಕೂತಿರುತ್ತದೆ. ಸಿಹಿನೀರಿನದು ಸಾಮಾನ್ಯವಾಗಿ ಒಳಗಿನವರೆಗೂ ಮುತ್ತೇ. ದುಂಡು, ಹೊಳಪು ಎರಡರಲ್ಲೂ ಅಕೋಯಾ ಮುಂದು, ನಿಜ. ಆದರೆ ನಮ್ಮ ಮೇ ತಿಂಗಳ ಮದುವೆಯಲ್ಲಿ ಬೆವರು, ಅರಿಸಿನ, ಅತ್ತರಿನ ನಡುವೆ ದಿನವಿಡೀ ಕೊರಳಲ್ಲಿರುವ ಸರಕ್ಕೆ ನನ್ನ ಮತ ಸಿಹಿನೀರಿನ ಮುತ್ತಿಗೇ. ದಕ್ಷಿಣ ಸಮುದ್ರದ ದಪ್ಪ ಮುತ್ತಿನ ಬೆಲೆ ಬಹುಪಾಲು ಮನೆಗಳ ಕೈಗೆ ಎಟುಕದು, ಬಿಡಿ. ಕೊಳ್ಳುವ ಮುನ್ನ ಎರಡು ಮುತ್ತುಗಳನ್ನು ಮೆಲ್ಲಗೆ ಒಂದಕ್ಕೊಂದು ಉಜ್ಜಿ: ನಿಜವಾದದ್ದು ಸಣ್ಣಗೆ ತರಿತರಿ ಎನ್ನುತ್ತದೆ, ಪ್ಲಾಸ್ಟಿಕ್ ನುಣ್ಣಗೆ ಜಾರುತ್ತದೆ. ಮುತ್ತು ಮುತ್ತಿನ ನಡುವೆ ಗಂಟು ಹಾಕಿಸಿ. ದಾರ ಹರಿದರೂ ಸರವೆಲ್ಲ ಮಂಟಪದಲ್ಲಿ ಚೆಲ್ಲುವುದಿಲ್ಲ. ಅಂದು ರಾತ್ರಿಯೇ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಚಿನ್ನ ತಾಗದಂತೆ ಬೇರೆಯಾಗಿ ಎತ್ತಿಡಿ.