ಮನೆಯೊಳಗಿನ ಬೆತ್ತ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಹೇಳಿ ಮಗುವಿಗೆ ಹುಣಸೆ ಅಡರಿನ ರುಚಿ ತೋರಿಸುವುದು ನಮ್ಮ ಕರಾವಳಿಯಲ್ಲಿ ತಲೆಮಾರುಗಳ ರೂಢಿ. ಉಡುಪಿಯ ಗುಮಾಸ್ತರ ಮನೆಯಲ್ಲೂ ಕಾಪುವಿನ ಮೀನುಗಾರರ ಮನೆಯಲ್ಲೂ ಇದರಲ್ಲಿ ಹೆಚ್ಚಿನ ಭೇದವಿಲ್ಲ. ಪೆಟ್ಟು ತಿಂದೇ ಮನುಷ್ಯರಾದೆವು ಎನ್ನುವವರು ನಮ್ಮ ಪಕ್ಷದಲ್ಲೂ ಇದ್ದಾರೆ. ಮಾಸ್ತರರಾಗಿದ್ದಾಗ ನಾವೂ ಬೆತ್ತ ಹಿಡಿದವರೇ. ಹದಿಮೂರರ ಮಗ್ಗಿ ಬಾರದ ಹುಡುಗನೊಬ್ಬನಿಗೆ ನಮ್ಮ ಪೆಟ್ಟುಗಳಿಂದ ಮಗ್ಗಿ ಬರಲಿಲ್ಲ. ನಮ್ಮ ಹೆಜ್ಜೆಯ ಸಪ್ಪಳ ಗುರುತಿಸುವುದು ಮಾತ್ರ ಬಂತು.

ಈ ವಿಷಯದಲ್ಲಿ ಈಗ ಬರಿಯ ಊಹೆಯ ಅಗತ್ಯವಿಲ್ಲ. ಅಮೆರಿಕದ ಎಲಿಜಬೆತ್ ಗರ್ಷಾಫ್ ಮತ್ತು ಆ್ಯಂಡ್ರ್ಯೂ ಗ್ರೋಗನ್-ಕೇಲರ್ ಎಂಬ ವಿದ್ವಾಂಸರು ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ, ಸುಮಾರು 1,60,000 ಮಕ್ಕಳ ವಿವರಗಳಿಂದ ಹೊರಟ ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಅವರು ಲೆಕ್ಕಕ್ಕೆ ಹಿಡಿದದ್ದು ಕ್ರೂರ ಹಿಂಸೆಯನ್ನಲ್ಲ, ಅಂಗೈಯಿಂದ ಕೊಡುವ ಸಾಮಾನ್ಯ ಪೆಟ್ಟನ್ನು. ಅಂಥ ಪೆಟ್ಟು ತಿಂದ ಮಕ್ಕಳಲ್ಲಿ ಹೆಚ್ಚಾಗಿ ಕಂಡದ್ದು ವಿಧೇಯತೆಯಲ್ಲ; ಜಗಳಗಂಟತನ, ಮನಸ್ಸಿನ ಕುಗ್ಗು, ತಾಯಿತಂದೆಯರೊಡನೆ ಬಿರುಕು. ದೊಡ್ಡವರಾದ ಮೇಲೆ ಹೊಡೆಯುವುದೇ ಸರಿಯೆನ್ನುವ ಒಲವೂ ಅವರಲ್ಲಿ ಹೆಚ್ಚು.

ತುಂಟ ಮಕ್ಕಳಿಗೇ ಪೆಟ್ಟು ಹೆಚ್ಚು ಬೀಳುತ್ತದಲ್ಲ, ಇದರಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮಕ್ಕಳನ್ನು ಕಾಲಾನಂತರವೂ ಹಿಂಬಾಲಿಸಿ ನೋಡಿದ 69 ಅಧ್ಯಯನಗಳ ವಿಮರ್ಶೆಯನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆ 2021ರಲ್ಲಿ ಅಚ್ಚುಹಾಕಿತು. ಹೊಡೆತದಿಂದ ನಡತೆ ಬರಬರುತ್ತಾ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲವೆಂಬುದೇ ಅದರ ನಿರ್ಣಯ. ಒಂದು ಪೆಟ್ಟಿನಿಂದ ಬಾಳು ಹಾಳಾಯಿತೆಂದು ಯಾರೂ ಹೇಳುತ್ತಿಲ್ಲ. ಸರಾಸರಿ ಪರಿಣಾಮ ಸಣ್ಣದೇ. ಆದರೆ ಲಾಭದ ಕಡೆ ಸೊನ್ನೆ.

ಈ ಪೆಟ್ಟು ಎಲ್ಲಿಂದ ಬರುತ್ತದೆ? ಕಾರ್ಕಳದ ಹಳ್ಳಿಗಳಲ್ಲಿ ಬೀಡಿ ಕಟ್ಟುವ ತಾಯಿಗೆ ಮಜೂರಿ ಸಾವಿರದ ಲೆಕ್ಕದಲ್ಲಿ. ಗುತ್ತಿಗೆದಾರ ಅವಳ ಬೀಡಿಗಳನ್ನು ಆರಿಸಿ ಎಸೆದ ಸಂಜೆ, ಗೆರಸೆ ಮಗುಚಿದ ಮಗುವಿನ ಬೆನ್ನಿಗೆ ಬೀಳುವ ಪೆಟ್ಟು ಯಾರ ಪಾಲಿನದು? ಹಾಗೆಂದು ಬಡತನವೊಂದೇ ಕಾರಣವೆಂದರೆ ಸುಳ್ಳಾದೀತು, ಉಂಡುಟ್ಟವರೂ ಹೊಡೆಯುತ್ತಾರೆ. 1974ರ ಭೂಸುಧಾರಣೆಗೆ ಮುಂಚಿನ ಈ ಜಿಲ್ಲೆಯನ್ನು ಹಿರಿಯರು ಬಲ್ಲರು. ಮೂಲದ ಆಳಿಗೆ ಹೊಡೆದ ಧಣಿಯೂ ಅವನ ಒಳ್ಳೆಯದಕ್ಕೇ ಹೊಡೆದೆನೆನ್ನುತ್ತಿದ್ದ. ಆ ಮಾತನ್ನು ಅಂಗಳದಿಂದ ಓಡಿಸಿದ ಗೇಣಿದಾರರು ಅದನ್ನೇ ಅಡಿಗೆಮನೆಯಲ್ಲಿ ಏಕೆ ಉಳಿಸಿಕೊಂಡೆವು?

ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿದೆ. ಮನೆಯ ಹೊಸಿಲಲ್ಲಿ ಕಾನೂನು ನಿಂತುಬಿಡುತ್ತದೆ. ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪೋಷಕರು ಸದ್ಭಾವದಿಂದ ಮಾಡಿದ್ದು ಅಪರಾಧವಲ್ಲವೆಂದು 1860ರ ದಂಡ ಸಂಹಿತೆಯ 89ನೆಯ ಕಲಮು ಹೇಳಿತ್ತು. ಬ್ರಿಟಿಷರ ಸಂಹಿತೆಯನ್ನು ಕಿತ್ತೊಗೆದೆವೆಂದು ಸಾರಿ 2024ರ ಜುಲೈಯಲ್ಲಿ ಜಾರಿಗೆ ತಂದ ನ್ಯಾಯ ಸಂಹಿತೆಯಲ್ಲೂ ಅದೇ ಮಾತು 27ನೆಯ ಕಲಮಾಗಿ ಕುಳಿತಿದೆ! ಸ್ವೀಡನ್ 1979ರಲ್ಲೇ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತು. ನಮಗಿಂತ ಬಡದೇಶವಾದ ನೇಪಾಳ 2018ರಲ್ಲಿ.

ಹೊಡೆದ ತಾಯಿಯನ್ನು ಜೈಲಿಗೆ ತಳ್ಳಿರೆಂದು ನಾವು ಕೇಳುತ್ತಿಲ್ಲ. ಮಗುವಿನ ಹಿತದಲ್ಲಿ ಹೊಡೆತ ಸೇರದೆಂಬ ಒಂದು ವಾಕ್ಯವನ್ನು ಆ 27ನೆಯ ಕಲಮಿಗೆ ಸೇರಿಸಲಿ. 1953ರಿಂದ ವೈದ್ಯಕೀಯ ಕಾಲೇಜು ಇರುವ ಮಣಿಪಾಲ ನಮ್ಮ ಮಗ್ಗುಲಲ್ಲೇ ಇದೆ. ಚುಚ್ಚುಮದ್ದಿಗೆ ಮಗುವನ್ನೆತ್ತಿಕೊಂಡು ಬಂದ ತಾಯಿಗೆ, ಹೊಡೆಯದೆ ಮಗುವನ್ನು ಸಂಭಾಳಿಸುವ ಬಗೆಯನ್ನು ಡಾಕ್ಟರು ಐದು ನಿಮಿಷ ಕುಳಿತು ಹೇಳಬಹುದು. ಅಂಗನವಾಡಿಯಲ್ಲೂ ಅದನ್ನೇ ಹೇಳಲಿ. ಬೀಡಿ ಎಸೆಯುವ ಗುತ್ತಿಗೆದಾರನ ಲೆಕ್ಕವನ್ನು ಕಾರ್ಮಿಕ ಸಂಘಗಳು ಕೇಳಲಿ.