ಹಕೀಮ್ ನಂಜುಂಡನ ಸನ್ನಿಧಿಯಲ್ಲಿ ಕಣ್ಣಿನ ಮಾತು

ನಂಜನಗೂಡಿನ ಶ್ರೀಕಂಠೇಶ್ವರನಿಗೆ ‘ಹಕೀಮ್ ನಂಜುಂಡ’ ಎಂಬ ಹೆಸರೂ ಉಂಟು. ಟಿಪ್ಪೂ ಸುಲ್ತಾನನ ಪಟ್ಟದಾನೆಗೆ ಕಣ್ಣಿನ ಬೇನೆ ಬಂದು ದೃಷ್ಟಿ ಹೋಗಲು, ಇಲ್ಲಿ ಪೂಜೆ ಸಲ್ಲಿಸಿದ ಬಳಿಕ ಅದು ಗುಣವಾಯಿತೆಂದೂ, ಸಂತುಷ್ಟನಾದ ಸುಲ್ತಾನನು ಪಚ್ಚೆಯ ಲಿಂಗವನ್ನರ್ಪಿಸಿ ಸ್ವಾಮಿಯನ್ನು ‘ಹಕೀಮ’, ಅಂದರೆ ವೈದ್ಯ, ಎಂದು ಕರೆದನೆಂದೂ ಪ್ರತೀತಿ. ಕಪಿಲೆಯಲ್ಲಿ ಮಿಂದು ಹರಕೆ ಹೊರುವ ಭಕ್ತರನ್ನು ನಾವು ಹಳಿಯುವವರಲ್ಲ. ಆದರೆ ಹರಕೆ ಹೊತ್ತ ಮನೆಯವರು ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಿದರೆ ಏನಾಗುವುದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ. ಆದುದರಿಂದ ಈ ತಿಂಗಳು ಅದನ್ನೇ ಸದ್ಭಕ್ತರ ಮುಂದಿಡುತ್ತಿದ್ದೇವೆ.

ತಿರುಮಕೂಡಲು ನರಸೀಪುರದ ಬಳಿಯ ಹಳ್ಳಿಗೆ ಕೊಟ್ಟಿದ್ದ ನಮ್ಮ ಅಕ್ಕನವರಿಗೆ ಎಪ್ಪತ್ತರ ಹತ್ತಿರದಲ್ಲಿ ಕಣ್ಣು ಮಂಜಾಗತೊಡಗಿತು. “ಪೊರೆ ಇನ್ನಷ್ಟು ಬಲಿಯಲಿ, ಆಮೇಲೆ ತೆಗೆಸಿದರಾಯಿತು” ಎಂದರು. ಓದುಬರಹ ಬಲ್ಲ ನಾವೂ ಹೂಂಗುಟ್ಟಿದೆವು. ಭತ್ತದ ಕೊಯ್ಲು ಮುಗಿಯಲಿ, ಸುತ್ತೂರು ಜಾತ್ರೆ ಕಳೆಯಲಿ, ಮೊಮ್ಮಗಳ ಮದುವೆಯಾಗಲಿ ಎನ್ನುತ್ತಲೇ ಎರಡು ವರ್ಷ ಸಂದವು. ಎಡಗಡೆ ಇಟ್ಟ ತಂಬಿಗೆಯನ್ನು ಅವರು ದಿನವೂ ಎಡವುವುದನ್ನು ಕಂಡ ಮೇಲೆ ಮೈಸೂರಿಗೆ ಕರೆದೊಯ್ದೆವು. ವೈದ್ಯರು ಪರೀಕ್ಷಿಸಿ, “ಬಲಗಣ್ಣಿನ ಪೊರೆ ತೆಗೆಯಬಹುದು, ಎಡಗಣ್ಣಿನಲ್ಲಿ ಗ್ಲಾಕೋಮಾ ಸೇರಿಕೊಂಡು ನರ ಒಣಗಿದೆ, ಹೋದ ದೃಷ್ಟಿ ಮರಳದು” ಎಂದರು. ಅಕ್ಕನವರು, “ಒಂದು ಕಣ್ಣಾದರೂ ಉಳಿಯಿತಲ್ಲಪ್ಪ, ಅಷ್ಟೇ ಸಾಕು” ಎಂದರು. ಆ ಮಾತಿನಲ್ಲಿ ನಿಂದೆಯಿರಲಿಲ್ಲ. ಅದಕ್ಕಾಗಿಯೇ ಅದು ನಮ್ಮನ್ನು ಇಂದಿಗೂ ಸುಡುತ್ತಿದೆ.

ಪೊರೆ ಬಲಿಯಬೇಕೆಂಬುದು ಬರಿಯ ಮೂಢನಂಬಿಕೆಯಲ್ಲ. ಒಂದು ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. ಆಗ ಮಂಜಾದ ಮಸೂರವನ್ನು ಇಡಿಯಾಗಿ ಹೊರತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರಗಳನ್ನು ನಡೆಸಿ ಲಕ್ಷಾಂತರ ಬಡವರಿಗೆ ಬೆಳಕು ಕೊಟ್ಟರು. 2005ರಲ್ಲಿ ಲಿಂಗೈಕ್ಯರಾದ ಆ ಮಹನೀಯರ ಹೆಸರನ್ನು ನಮ್ಮ ಹಿರಿಯರು ಇಂದಿಗೂ ಕೈಮುಗಿದು ನೆನೆಯುತ್ತಾರೆ.

ಈಗ ವಿಧಾನ ಬದಲಾಗಿದೆ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನಿಟ್ಟರು. ಇಂದು ಅತಿ ಚಿಕ್ಕ ಕೊಯ್ತದ ಮೂಲಕ ಮಂಜಾದ ಮಸೂರವನ್ನು ಒಡೆದು ಹೀರಿ, ಆ ಸ್ಥಳದಲ್ಲಿ ಕೃತಕ ಮಸೂರವನ್ನು ಕೂರಿಸುತ್ತಾರೆ; ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ. ಪೊರೆಯನ್ನು ಅತಿಯಾಗಿ ಬಲಿಯಬಿಟ್ಟರೆ ಶಸ್ತ್ರಚಿಕಿತ್ಸೆ ಕಠಿಣವಾಗುವುದಲ್ಲದೆ, ಕಣ್ಣಿನ ಒತ್ತಡ ಏರುವ ಅಪಾಯವೂ ಉಂಟು.

ಎಲ್ಲ ಮಂಜೂ ಪೊರೆಯಲ್ಲ ಎಂಬುದನ್ನು ಮನೆಯ ಹಿರಿಯರು ಅರಿಯಬೇಕು. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ನಲುಗಿ, ಅಂಚಿನ ನೋಟ ಮೊದಲು ಹೋಗುತ್ತದೆ. ಹಲವರಿಗೆ ನೋವೇ ಇರುವುದಿಲ್ಲ. ಹನಿ ಔಷಧಿ, ಲೇಸರ್, ಶಸ್ತ್ರಚಿಕಿತ್ಸೆ ಇವುಗಳಿಂದ ಉಳಿದ ದೃಷ್ಟಿಯನ್ನು ಕಾಯಬಹುದೇ ಹೊರತು ಕಳೆದುದನ್ನು ತರಲಾಗದು. ಸಕ್ಕರೆ ಕಾಯಿಲೆಯು ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಅದಕ್ಕೂ ಲೇಸರ್ ಮತ್ತು ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಉಂಟು. ಗದ್ದೆಯ ಕೆಲಸದಲ್ಲಿ ಭತ್ತದ ಗರಿ ಕಣ್ಣಿಗೆ ತಾಗಿದಾಗ ಎಲೆಯ ರಸವನ್ನೋ ಹಾಲನ್ನೋ ಹಿಂಡುವುದು ನಮ್ಮ ಕಡೆಯ ರೂಢಿ. ಅದರಿಂದ ಹುಣ್ಣು ಕೀವಾಗಿ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಬಹುದು. ಆಗ, ತೀರಿಕೊಂಡ ಪುಣ್ಯಾತ್ಮರೊಬ್ಬರು ದಾನವಿತ್ತ ಕಾರ್ನಿಯಾವನ್ನು ಕಸಿ ಮಾಡುವುದೊಂದೇ ದಾರಿಯಾಗಬಹುದು.

ಆದುದರಿಂದ ನಲವತ್ತು ದಾಟಿದವರು ಕಣ್ಣಿನ ಒತ್ತಡವನ್ನು ತಪ್ಪದೆ ನೋಡಿಸಿಕೊಳ್ಳಲಿ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಲಿ. ಒಮ್ಮೆಲೇ ನೋಟ ಹೋದರೆ, ಮಿಂಚು ಕಂಡರೆ, ಕೆಂಪಾಗಿ ತೀವ್ರವಾಗಿ ನೋಯತೊಡಗಿದರೆ ಒಂದು ದಿನವೂ ತಡೆಯಬಾರದು. ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವುದರಿಂದ ಖರ್ಚಿನ ಅಂಜಿಕೆಯೂ ಬೇಡ.

ಅಕ್ಕನವರು ಈಗ ಬಲಗಣ್ಣಿನಿಂದ ಈ ಪತ್ರಿಕೆಯನ್ನು ಓದುತ್ತಾರೆ; ಎಡಗಣ್ಣಿಗೆ ಎರಡು ಹೊತ್ತೂ ಹನಿ ಬಿಟ್ಟುಕೊಳ್ಳುತ್ತಾರೆ. ಹರಕೆ ಹೊರುವವರು ಹೊರಲಿ. ಆದರೆ ಹರಕೆ ಹೊತ್ತ ದಿನವೇ ತಮ್ಮ ತಾಯಿ-ತಂದೆಯರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಲಿ ಎಂಬುದೇ ನಮ್ಮ ಬಿನ್ನಹ.