ಮಾತಿಲ್ಲದ ರೋಗಿಯ ಬಿನ್ನಹ

ಅಳದ ಮಗುವಿಗೆ ತಾಯಿಯೂ ಹಾಲೂಡಳೆಂಬುದು ನಮ್ಮ ಜನರ ಗಾದೆ. ಅತ್ತರೂ ಸದ್ದು ಹೊರಡದವನ ಗತಿಯೇನು? ಆಸ್ಪತ್ರೆಯ ತೀವ್ರನಿಗಾ ವಿಭಾಗದಲ್ಲಿ ಉಸಿರಾಟದ ಯಂತ್ರಕ್ಕೆ ಒಳಗಾದ ರೋಗಿಯ ಸ್ಥಿತಿಯು ಇಂತಹುದೇ ಆಗಿದೆ. ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಕೊಳವೆಯು ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ, ಆತನಿಗೆ ನಾಲಗೆಯಿದ್ದೂ ಮಾತಿಲ್ಲ, ನೋವಿದ್ದೂ ನರಳಿಕೆಯ ದನಿಯಿಲ್ಲ.

1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಆವರಿಸಿದಾಗ, ಡಾ. ಬ್ಯೋರ್ನ್ ಇಬ್ಸನ್‌ರ ಸಲಹೆಯಂತೆ ಸುಮಾರು 1500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಕೈಯಿಂದಲೇ ಚೀಲವನ್ನೊತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಇಂದಿನ ತೀವ್ರನಿಗಾ ವ್ಯವಸ್ಥೆಯು ಬೆಳೆದುದು ಆ ಸಾಹಸದಿಂದ. ಉಸಿರು ಕೊಡುವ ವಿದ್ಯೆಯು ಅಂದಿನಿಂದ ಬಹುದೂರ ಸಾಗಿದೆ. ರೋಗಿಯ ಮನಸ್ಸನ್ನು ಅರಿಯುವ ವಿದ್ಯೆಯು ಅದರ ಹಿಂದೆಯೇ ಉಳಿದಿದೆ. ಗಾಢನಿದ್ರೆಯ ಔಷಧಗಳನ್ನು ಮಿತಗೊಳಿಸುವುದೇ ಈಗಿನ ವೈದ್ಯರ ಪದ್ಧತಿಯಾದುದರಿಂದ, ಎಚ್ಚರವಿದ್ದೂ ಮಾತಿಲ್ಲದ ರೋಗಿಗಳಿಗೆ ಕಿವಿಗೊಡುವ ಹೊಣೆ ಇನ್ನಷ್ಟು ಹೆಚ್ಚಿದೆ.

ಮಾತಿಲ್ಲದವನಿಗೆ ಬುದ್ಧಿಯೂ ಇಲ್ಲವೆಂದೆಣಿಸುವುದು ಘೋರ ಪ್ರಮಾದ. ಫ್ರಾನ್ಸ್ ದೇಶದ ಪತ್ರಿಕಾಸಂಪಾದಕ ಜ್ಯಾಂ ದೊಮಿನಿಕ್ ಬೊಬಿಯವರು 1995ರಲ್ಲಿ ಮಿದುಳಿನ ಆಘಾತಕ್ಕೀಡಾಗಿ ಸರ್ವಾಂಗವೂ ಸ್ತಬ್ಧವಾದ ಮೇಲೆ, ಎಡಗಣ್ಣಿನ ರೆಪ್ಪೆಯೊಂದರಿಂದಲೇ ಅಕ್ಷರಕ್ಕಕ್ಷರ ಸೂಚಿಸಿ ಒಂದು ಗ್ರಂಥವನ್ನೇ ಹೇಳಿ ಬರೆಯಿಸಿದರು. 1997ರಲ್ಲಿ ಅದು ಪ್ರಕಟವಾಯಿತು. ಎದುರಿಗೆ ತಾಳ್ಮೆಯಿಂದ ಅಕ್ಷರಗಳನ್ನೋದುವ ಮತ್ತೊಬ್ಬರು ಇದ್ದುದರಿಂದಲೇ ಅದು ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ದಾದಿಯರಿಗೆ ಬಿಡುವೆಲ್ಲಿ ಎಂಬ ಆಕ್ಷೇಪಣೆ ಬರಬಹುದು. ಅವರ ಶ್ರಮವನ್ನು ನಾವು ಬಲ್ಲೆವು. ಸಾಕಷ್ಟು ಮಂದಿಯನ್ನು ನೇಮಿಸುವ ಹೊಣೆ ಆಡಳಿತದವರದು. ಆದರೆ ಬಾಯಾರಿಕೆಯನ್ನು ತಿಳಿಸಲಾರದ ರೋಗಿಯು ಕಳವಳದಿಂದ ಕೊಳವೆಯನ್ನು ಕಿತ್ತುಕೊಂಡರೆ, ಮತ್ತೆ ಅದನ್ನು ಇಳಿಸುವುದಕ್ಕೆ ಹಿಡಿಯುವ ಹೊತ್ತೆಷ್ಟು? ಅಪಾಯವೆಷ್ಟು? ಮೊದಲೇ ಕೇಳಿ ತಿಳಿಯುವುದು ಲಾಭಕರವಲ್ಲವೇ?

ಬೇಕಾದುದು ಅಲ್ಪ. ಕನ್ನಡಕ, ಕಿವಿಯ ಯಂತ್ರಗಳನ್ನು ರೋಗಿಗೆ ಮರಳಿ ತೊಡಿಸಬೇಕು. ಹೌದು, ಅಲ್ಲಗಳಿಗೆ ಒಂದು ಸಂಜ್ಞೆಯನ್ನು ಗೊತ್ತುಮಾಡಿ, ಒಂದೊಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಬೇಕು. ಆ ಸಂಜ್ಞೆಯನ್ನು ಮುಂದಿನ ಪಾಳಿಯವರಿಗೂ ಬರೆದಿಡಬೇಕು. ನೋವು, ಬಾಯಾರಿಕೆ, ಕಫ, ಮಗ್ಗುಲು ತಿರುಗಿಸುವುದು, ಮನೆಯವರನ್ನು ಕರೆಯುವುದು, ಇವುಗಳ ಚಿತ್ರವಿರುವ ಹಲಗೆಯೊಂದು ಹಾಸಿಗೆಗೊಂದರಂತೆ ಇರಬೇಕು. ಓದುಬಲ್ಲವರಿಗೆ ಅಕ್ಷರದ ಹಲಗೆಯೂ ಬೇಕು. ನಮ್ಮ ವರ್ಣಮಾಲೆಯು ವರ್ಗವರ್ಗವಾಗಿ ಜೋಡಣೆಗೊಂಡಿರುವುದರಿಂದ ಮೊದಲು ಸಾಲನ್ನೂ ಬಳಿಕ ಅಕ್ಷರವನ್ನೂ ಗುರುತಿಸುವುದು ಸುಲಭ.

ಕನ್ನಡ ನಾಡಿನ ಆಸ್ಪತ್ರೆಗಳಲ್ಲಿ ಈ ಹಲಗೆಗಳು ಕನ್ನಡದಲ್ಲಿಯೇ ಇರತಕ್ಕುದು. ಹೊರನಾಡುಗಳಿಂದ ಬಂದು ನಮ್ಮವರ ಸೇವೆಯಲ್ಲಿ ನಿರತರಾದ ದಾದಿಯರಿಗೆ ನಾವು ಋಣಿಗಳು; ಅವರಿಗೆ ಈ ಹತ್ತಾರು ಮಾತುಗಳನ್ನು ಕಲಿಸುವ ಏರ್ಪಾಡನ್ನು ಆಸ್ಪತ್ರೆಗಳೇ ಮಾಡಬೇಕು. ಪ್ರಾಣವನ್ನುಳಿಸಲು ಲಕ್ಷಾಂತರ ರೂಪಾಯಿಗಳ ಯಂತ್ರವನ್ನಿಟ್ಟವರು, ಆ ಪ್ರಾಣಿಯ ಬಿನ್ನಹವನ್ನು ಕೇಳಲು ಒಂದು ಹಲಗೆಯನ್ನಿಡಲಾರರೇ? ಅಧಿಕಾರಿಗಳು ಈ ವಿಷಯವನ್ನು ಕೂಡಲೇ ಪರ್ಯಾಲೋಚಿಸಬೇಕೆಂದು ಒತ್ತಾಯಪಡಿಸುತ್ತೇವೆ.